ಪಾಲಾರ್ ಕಾಡಿನ ದಾರಿ ಯಾರಿಗೆ ಗೊತ್ತಿತ್ತು?

ಮಹದೇಶ್ವರ ಬೆಟ್ಟದಿಂದ ಘಾಟಿ ಇಳಿದ್ರೆ ಪಾಲಾರ್. ಹೊಳೆ ದಾಟಿದ್ರೆ ತಮಿಳುನಾಡು. 1993ರ ಏಪ್ರಿಲ್ 9ರಂದು ಇಲ್ಲೇ ಹತ್ತಿರ ವೀರಪ್ಪನ್ ಗುಂಪಿನ ನೆಲಬಾಂಬಿಗೆ 22 ಜನ ಬಲಿಯಾದರು. ಈ ಕಾಡಿನ ಕಾಲುದಾರಿಗಳು ಅವನಿಗೆ ಬಾಯಿಪಾಠ. ಬೆನ್ನಟ್ಟಿದ ಪೊಲೀಸರಿಗೆ ಕಷ್ಟ ಆಗಿದ್ದೇ ಅಲ್ಲಿ.

2004ರ ಅಕ್ಟೋಬರಿನಲ್ಲಿ ಅವನು ಎಸ್‌ಟಿಎಫ್ ಗುಂಡಿಗೆ ಸತ್ತ. ಅದೇ ವರ್ಷ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಓಪನ್‌ಸ್ಟ್ರೀಟ್‌ಮ್ಯಾಪ್ ಶುರು ಮಾಡಿದ: ನಡೆದವರೇ ದಾರಿ ಗುರುತಿಸಿ ಎಲ್ಲರಿಗೂ ಪುಕ್ಕಟೆ ಕೊಡೋ ನಕ್ಷೆ. ಎರಡಕ್ಕೂ ಸಂಬಂಧ ಇಲ್ಲ ಬಿಡಿ, ಆದ್ರೂ ಆ ಇಸವಿ ನನ್ನ ತಲೆಯಿಂದ ಹೋಗಲ್ಲ.

ಈಗ ಆ ಡೇಟಾ ಇಳಿಸ್ಕೊಂಡು, 2000ರಲ್ಲಿ ಎಂಡೆವರ್ ನೌಕೆ ರೇಡಾರಿನಿಂದ ಅಳೆದ ಎತ್ತರದ ಗೆರೆಗಳನ್ನ ಸೇರಿಸಿ, ಎಂಕೆಜಿಮ್ಯಾಪ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಗಾರ್ಮಿನ್ ಜಿಪಿಎಸ್‌ಗೆ ನಕ್ಷೆ ಮಾಡ್ಬಹುದು. ಬಿಕಾಂ ಓದಿದ ನಾನೇ ಮಾಡ್ದೆ. ಕಾಡಲ್ಲಿ ಮೊಬೈಲ್ ಸಿಗ್ನಲ್ ಬೇಕಿಲ್ಲ.

ಆದರೆ 2013ರಿಂದ ಇದು ವನ್ಯಜೀವಿಧಾಮ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಒಳಗೆ ಕಾಲಿಡೋ ಹಾಗಿಲ್ಲ. ಪರದೆ ಮೇಲಿನ ಗೆರೆ ಅದನ್ನ ಹೇಳಲ್ಲ. ತಾಳಬೆಟ್ಟದಿಂದ ಭಕ್ತರು ಹತ್ತೋ ದಾರಿ ನನ್ನ ನಕ್ಷೆಯಲ್ಲಿದೆ. ಸೋಲಿಗರು ಜೇನಿಗೆ ಹೋಗೋ ದಾರಿ ಹಾಕಿಲ್ಲ. ಅದನ್ನ ತೋರಿಸ್ಬೇಕೋ ಬೇಡ್ವೋ ಅವರೇ ಹೇಳ್ಲಿ.