ರೇಡಿಯೋ ಸಮಯ ಮತ್ತು ನಮ್ಮ ಶಾಲೆಯ ಗಂಟೆ

ನಮ್ಮ ಶಾಲೆಯ ಗಂಟೆ ಬಾರಿಸುತ್ತಿದ್ದ ಅಜ್ಜ ದಿನಾ ಬೆಳಿಗ್ಗೆ ಹಂಪಿ ಬಜಾರಿನ ಸಾಲುಮಂಟಪದಲ್ಲಿದ್ದ ನಮ್ಮ ಚಹಾ ಅಂಗಡಿಗೆ ಬರುತ್ತಿದ್ದರು. ವಾರ್ತೆಗೆ ಮುಂಚೆ ಟ್ರಾನ್ಸಿಸ್ಟರಿನಲ್ಲಿ ‘ಕುಂಯ್, ಕುಂಯ್’ ಎಂಬ ಸದ್ದು ಬಂದ ಕೂಡಲೇ ತಮ್ಮ ಎಚ್‌ಎಂಟಿ ಕೈಗಡಿಯಾರದ ಮುಳ್ಳು ಸರಿಪಡಿಸುತ್ತಿದ್ದರು. ಆ ಗಡಿಯಾರ ನೋಡಿ ಶಾಲೆಯ ಗಂಟೆ. ಗಂಟೆ ಕೇಳಿ ಸುತ್ತಲಿನ ಮನೆಗಳ ಗಡಿಯಾರ.

ಅದಕ್ಕೂ ಹಿಂದೆ ಒಂದೊಂದು ಊರಿಗೂ ತನ್ನದೇ ಹೊತ್ತು. ಸೂರ್ಯನ ಲೆಕ್ಕದಲ್ಲಿ ಹಂಪಿ ಇಂದಿನ ಗಡಿಯಾರಕ್ಕಿಂತ ಸುಮಾರು 24 ನಿಮಿಷ ಹಿಂದೆ. 82.5 ಡಿಗ್ರಿ ರೇಖಾಂಶದ ಭಾರತೀಯ ಕಾಲಮಾನ ಬಂದದ್ದು 1906ರಲ್ಲಿ. ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ರೇಡಿಯೋ. ಬಿಬಿಸಿ 1924ರ ಫೆಬ್ರವರಿ 5ರಂದು ಆರು ಸದ್ದುಗಳ ಸಮಯ ಸಂಕೇತ ಆರಂಭಿಸಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ‘ಎಟಿಎ’ ಹೆಸರಿನಲ್ಲಿ 5, 10 ಮತ್ತು 15 ಮೆಗಾಹರ್ಟ್ಸ್‌ನಲ್ಲಿ ಸಮಯ ಸಾರುತ್ತಿತ್ತು. ಈಗ ಆ ಪ್ರಸಾರವಿಲ್ಲ.

ಪ್ರಸಾರ ಬದಲಾದರೆ ಕೇಳುವ ಯಂತ್ರಕ್ಕೂ ಪೆಟ್ಟು. ಅಮೆರಿಕದ ಡಬ್ಲ್ಯೂಡಬ್ಲ್ಯೂವಿಬಿ ಕೇಂದ್ರ 2012ರಲ್ಲಿ ಸಂಕೇತದ ರೀತಿ ಬದಲಿಸಿತು. ಮನೆಯ ಗಡಿಯಾರಗಳಿಗೆ ಏನೂ ಆಗಲಿಲ್ಲ. ಅಲೆಯ ಏರಿಳಿತವನ್ನೇ ಹಿಂಬಾಲಿಸುತ್ತಿದ್ದ ಹಳೆಯ ಉಪಕರಣಗಳು ಕೆಲಸಕ್ಕೆ ಬಾರದಾದವು.

ನಮ್ಮಲ್ಲಿ ಬದಲಾವಣೆ ಸದ್ದಿಲ್ಲದೆ ಬಂತು. 2011ರಲ್ಲಿ ಬಜಾರಿನ ಅಂಗಡಿಗಳು ತೆರವಾದವು. ಅಪ್ಪ ಟ್ರಾನ್ಸಿಸ್ಟರ್ ಹಿಡಿದು ಕಡ್ಡಿರಾಂಪುರಕ್ಕೆ ಹೋದರು, ನಾನು ಬೆಂಗಳೂರಿನಲ್ಲಿ ಮೊಬೈಲ್‌ನಲ್ಲೇ ಆಕಾಶವಾಣಿ ಕೇಳತೊಡಗಿದೆ. ಒಂದು ಬೆಳಿಗ್ಗೆ ಫೋನಿನಲ್ಲಿ ಮಾತಾಡುವಾಗ ಅಪ್ಪನ ರೇಡಿಯೋದ ಕುಂಯ್ ಮೊದಲು ಕೇಳಿಸಿತು, ನನ್ನದು ಬಹಳ ಹೊತ್ತಿನ ಮೇಲೆ. “ನಿಮ್ಮ ಬೆಂಗಳೂರಾಗ ಏಳು ಗಂಟೆ ತಡ ಆಗ್ತೈತೇನೋ?” ಎಂದು ಅಪ್ಪ ನಕ್ಕರು.

ಕಾರಣ ಸರಳ. ದೆಹಲಿಯಿಂದ ನಮ್ಮೂರಿಗೆ ನೇರ ದೂರ ಸುಮಾರು 1,500 ಕಿ.ಮೀ. ರೇಡಿಯೋ ಅಲೆಗೆ ಅದು ಸೆಕೆಂಡಿನ ಸಾವಿರದ ಐದು ಭಾಗದ ದಾರಿ. 36,000 ಕಿ.ಮೀ. ಮೇಲಿನ ಉಪಗ್ರಹಕ್ಕೆ ಹೋಗಿ ಬಂದರೆ ಕಾಲು ಸೆಕೆಂಡು. ಇಂಟರ್‌ನೆಟ್ಟಿನಲ್ಲಿ ಧ್ವನಿಯನ್ನು ತುಂಡು ಮಾಡಿ, ಕೂಡಿಟ್ಟು, ಆಮೇಲೆ ನುಡಿಸುವುದರಿಂದ ಹಲವು ಸೆಕೆಂಡು. ಅದೂ ಒಬ್ಬೊಬ್ಬರಿಗೆ ಒಂದೊಂದು. ಸದ್ದು ಅದೇ, ಆದರೆ ಅದು ಹೇಳುವ ಹೊತ್ತು ಆಗಲೇ ಕಳೆದಿರುತ್ತದೆ.

ಅದಕ್ಕೇ ಕಂಪ್ಯೂಟರ್‌ಗಳು ಸಮಯವನ್ನು ಸುಮ್ಮನೆ ನಂಬುವುದಿಲ್ಲ. ಡೇವಿಡ್ ಮಿಲ್ಸ್ ರೂಪಿಸಿ, 1985ರಲ್ಲಿ ಪ್ರಕಟವಾದ ‘ಎನ್‌ಟಿಪಿ’ ಪದ್ಧತಿಯಂತೆ ಕೇಳಿದ ಹೊತ್ತು, ಉತ್ತರ ಬಂದ ಹೊತ್ತು ಎರಡನ್ನೂ ಗುರುತಿಟ್ಟು, ದಾರಿಯ ತಡವನ್ನು ಲೆಕ್ಕಹಾಕಿ ಸರಿಪಡಿಸಿಕೊಳ್ಳುತ್ತವೆ.

ಸುವರ್ಣ ಮಹೋತ್ಸವಕ್ಕೆ ನಮ್ಮ ಬ್ಯಾಚಿನವರು ಶಾಲೆಗೊಂದು ಗೋಡೆ ಗಡಿಯಾರ ಕೊಡುತ್ತಿದ್ದೇವೆ. ಗುರುಗಳಲ್ಲಿ ಒಂದು ವಿನಂತಿ: ಪರೀಕ್ಷೆಯ ದಿನ ಅದನ್ನು ಮೊಬೈಲ್ ರೇಡಿಯೋ ಕೇಳಿ ಹೊಂದಿಸಬೇಡಿ. ತಾನಾಗಿ ಸಮಯ ಹೊಂದಿಸಿಕೊಳ್ಳುವ ಮೊಬೈಲ್ ಗಡಿಯಾರ ನೋಡಿ ಹೊಂದಿಸಿ. ಅಜ್ಜನಿಗಿದ್ದ ಕಾಳಜಿ ಮಾತ್ರ ಹಾಗೇ ಇರಲಿ.