ಪೂಜಾಪೀಠದಿಂದ ಸಂಗ್ರಹಾಲಯಕ್ಕೆ: ಗೋವೆಯ ಕ್ರೈಸ್ತ ಕಲಾ ಸಂಪತ್ತಿನ ಕಥನ

ಪೂಜಾಬಳಕೆಯಿಂದ ಹೊರಬಂದ ಪಾತ್ರೆಯೊಂದು ಧರ್ಮಸಭೆಗೆ ಏನನ್ನಾದರೂ ಬೋಧಿಸಬಲ್ಲುದೇ? ಹಳೆ ಗೋವೆಯ ಕ್ರೈಸ್ತ ಕಲಾ ಸಂಗ್ರಹಾಲಯದ ಇತಿಹಾಸವು ಈ ಪ್ರಶ್ನೆಗೆ ಉತ್ತರವನ್ನು ಸೂಚಿಸುತ್ತದೆ.

ಈ ಸಂಗ್ರಹಾಲಯ ಜನ್ಮ ತಾಳಿದ್ದು ಒಂದು ಗುರುಮಠದಲ್ಲಿ ಎಂಬುದು ಗಮನಾರ್ಹ. ಯೇಸುಸಭೆಯವರು ಕಟ್ಟಿದ ರಾಚೋಲ್ ಗುರುಮಠದಲ್ಲಿ 1994ರಲ್ಲಿ ಅದು ಆರಂಭವಾಯಿತು. ಗೋವೆಯ ಮಹಾಧರ್ಮಪ್ರಾಂತ್ಯದೊಡನೆ ಇನ್‌ಟಾಕ್ ಸಂಸ್ಥೆಯೂ ಲಿಸ್ಬನ್ನಿನ ಗುಲ್ಬೆಂಕಿಯನ್ ಪ್ರತಿಷ್ಠಾನವೂ ಈ ಕಾರ್ಯಕ್ಕೆ ಕೈಜೋಡಿಸಿದವು. 2002ರಲ್ಲಿ ಅದನ್ನು ಹಳೆ ಗೋವೆಯ ಸಂತ ಮೋನಿಕಾ ಕನ್ಯಾಮಠಕ್ಕೆ ಸ್ಥಳಾಂತರಿಸಲಾಯಿತು. ನವೀಕರಣದ ತರುವಾಯ 2022ರಲ್ಲಿ ಅದು ಪುನಃ ತೆರೆಯಿತು.

ಆಶ್ರಯವಿತ್ತ ಕಟ್ಟಡವೂ ನಷ್ಟದ ಕಥೆಯನ್ನೇ ಹೇಳುತ್ತದೆ. ಅಗಸ್ತೀನ ಸಭೆಯ ಕನ್ಯಾಸ್ತ್ರೀಯರಿಗಾಗಿ 1606ರಲ್ಲಿ ಸ್ಥಾಪಿತವಾದ ಈ ಮಠವು 19ನೆಯ ಶತಮಾನದಲ್ಲಿ ಕ್ರಮೇಣ ಬರಿದಾಯಿತು. 1834ರಲ್ಲಿ ಪೋರ್ಚುಗೀಸ್ ಸರ್ಕಾರವು ಪುರುಷರ ಧಾರ್ಮಿಕ ಸಭೆಗಳನ್ನು ರದ್ದುಗೊಳಿಸಿತು. ಕನ್ಯಾಮಠಗಳಿಗೆ ಹೊಸಬರ ಪ್ರವೇಶ ನಿಂತಿತು. ಮಠಗಳು ಮುಚ್ಚಿದಂತೆ ಅವುಗಳ ಸ್ವತ್ತು ಚದುರಿತು. ಮುಂದೆ ಪೂಜಾವಿಧಿ ಬದಲಾದಾಗ ಅನೇಕ ಹಳೆಯ ಪರಿಕರಗಳು ಬಳಕೆ ತಪ್ಪಿದವು. ಆದರೆ ಆ ಬದಲಾವಣೆಗೆ ಅಡಿಪಾಯ ಹಾಕಿದ ದ್ವಿತೀಯ ವ್ಯಾಟಿಕನ್ ಮಹಾಸಭೆಯ 1963ರ ಪೂಜಾವಿಧಿ ಸಂವಿಧಾನವೇ, ಬೆಲೆಯುಳ್ಳ ಪವಿತ್ರ ಪರಿಕರಗಳು ಪರಭಾರೆಯಾಗದಂತೆ, ಚದುರಿಹೋಗದಂತೆ ಎಚ್ಚರವಹಿಸುವ ಹೊಣೆಯನ್ನು ಧರ್ಮಾಧ್ಯಕ್ಷರಿಗೆ ಒಪ್ಪಿಸಿತ್ತು. ನವೀಕರಣ ಮತ್ತು ಸಂರಕ್ಷಣೆ ಪರಸ್ಪರ ವಿರೋಧಿಗಳಲ್ಲ.

ಇಲ್ಲಿನ ದಂತದ ಪ್ರತಿಮೆಗಳೂ ಬೆಳ್ಳಿಯ ಪೂಜಾಪಾತ್ರೆಗಳೂ ಇನ್ನೊಂದು ಸತ್ಯವನ್ನು ನುಡಿಯುತ್ತವೆ. ಕ್ರೈಸ್ತೇತರ ಕುಶಲಕರ್ಮಿಗಳಿಂದ ಪವಿತ್ರ ಚಿತ್ರ, ಪ್ರತಿಮೆಗಳನ್ನು ಮಾಡಿಸಬಾರದೆಂದು 1567ರ ಗೋವೆಯ ಪ್ರಾಂತೀಯ ಸಭೆ ನಿಷೇಧಿಸಿತು. ಆದರೂ ಕೆಲಸ ಅವರ ಕೈಗಳಲ್ಲಿಯೇ ಮುಂದುವರಿಯಿತು. ಗೋವೆಯ ಕೆಲವು ದೇವಾಲಯಗಳಲ್ಲಿ ಪ್ರವಚನ ಪೀಠವನ್ನು ಹೊತ್ತಿರುವ ನಾಗಿನಿಯರ ಕೆತ್ತನೆ ಇದಕ್ಕೆ ಸಾಕ್ಷಿ. ತೀರ್ಮಾನಗಳು ಹೊರಗಿಟ್ಟ ನೆರೆಯವನ ಕೈಯನ್ನು ಪೂಜಾಪೀಠವು ಒಳಗೆ ಬರಮಾಡಿಕೊಂಡಿತ್ತು! ಆ ಶಿಲ್ಪಿಗಳಲ್ಲಿ ಬಹುತೇಕರ ಹೆಸರು ಉಳಿದಿಲ್ಲ; ಅವರ ಕೃತಿ ಉಳಿದಿದೆ. ವಸ್ತುವೇ ನಾಶವಾದರೆ ಈ ಸಾಕ್ಷ್ಯವೂ ಅಳಿಯುತ್ತದೆ, ನಿಷೇಧದ ದಾಖಲೆಯೊಂದೇ ಉಳಿಯುತ್ತದೆ. ಆದುದರಿಂದ ಸಂರಕ್ಷಣೆಯು ಅಲಂಕಾರದ ವಿಷಯವಲ್ಲ, ನ್ಯಾಯದ ವಿಷಯ.

2001ರಲ್ಲಿ ವ್ಯಾಟಿಕನ್ನಿನ ಸಾಂಸ್ಕೃತಿಕ ಸಂಪತ್ತಿನ ಆಯೋಗವು ಹೊರಡಿಸಿದ ಪತ್ರವು ಧರ್ಮಸಭೆಯ ಸಂಗ್ರಹಾಲಯಗಳನ್ನು ಪಾಲನಾಸೇವೆಯ ಅಂಗವೆಂದೇ ಪರಿಗಣಿಸಿತು. ಕರ್ನಾಟಕದ ಕರಾವಳಿಗೆ ಈ ಮಾತು ಹತ್ತಿರದ್ದು. ಇಲ್ಲಿನ ಕೊಂಕಣಿ ಕಥೋಲಿಕರಲ್ಲಿ ಬಹುಪಾಲು ಜನರ ಪೂರ್ವಜರು ಗೋವೆಯಿಂದ ಬಂದವರು. ಧರ್ಮಕೇಂದ್ರದ ಉಗ್ರಾಣದಲ್ಲಿ ಕಪ್ಪಾಗಿರುವ ಬೆಳ್ಳಿಯನ್ನು ಕರಗಿಸಲು ಕೊಡುವ ಮುನ್ನ ಗುರುಗಳು ಅದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಲಿ; ಅದರ ವಿವರವನ್ನು ಕಡತದಲ್ಲಿ ಬರೆದಿಡಲಿ. ರಾಚೋಲಿನ ಪಾಠ ಇಷ್ಟೇ: ನೆನಪನ್ನು ಕಾಯುವ ಕಾರ್ಯವೂ ಗುರುಮಠದಲ್ಲಿಯೇ ಕಲಿಯಬೇಕಾದದ್ದು.