ದೆವ್ವ ಮೆಟ್ಟಿದವನು ಯಾರು?

ಕಳೆದ ವಾರ ನಮ್ಮ ರಸ್ತೆಯ ಕೊನೆಯ ದರ್ಶಿನಿಯಲ್ಲಿ ನಿಂತು ಕಾಫಿ ಹೀರುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಹುಡುಗರು ಶನಿವಾರ ಎಲ್ಲಿಗೆ ಹೋಗುವುದೆಂದು ಚರ್ಚೆಗಿಳಿದಿದ್ದರು.

"ಮಗಾ, ಆ ಎಸ್ಟೇಟ್ ಬಂಗ್ಲೆ ಫುಲ್ ಹಾಂಟೆಡ್ ಅಂತೆ ಕಣೋ."

"ಎಷ್ಟು ಹಾಂಟೆಡ್ಡು?"

"ಸಖತ್ ಹಾಂಟೆಡ್ಡು. ಬೆಳಗ್ಗೆ ತಿಂಡಿನೂ ಸೇರಿ ಬುಕಿಂಗು."

ಮೆಣಸಿನಕಾಯಿ ಬಜ್ಜಿ ಎಷ್ಟು ಖಾರ ಎಂದು ಕೇಳಿದ ಹಾಗಿತ್ತು ಎರಡನೆಯವನ ಪ್ರಶ್ನೆ. ದೆವ್ವಕ್ಕೂ ತಿಂಡಿಗೂ ಒಂದೇ ಬಿಲ್ಲು. ನಾನು ಲೋಟ ತೊಳೆಯುವ ಕಡೆ ಇಟ್ಟು ಮನೆಗೆ ಬಂದೆ. ಬಂದವನು ಅರ್ಧ ದಿನ ಒಂದೇ ಯೋಚನೆಯಲ್ಲಿ ಕಳೆದೆ: ಈ 'ಹಾಂಟೆಡ್' ಎಂಬುದಕ್ಕೆ ಕನ್ನಡದಲ್ಲಿ ಏನನ್ನುತ್ತಿದ್ದೆವು?

ದೆವ್ವದ ಮನೆ ಎನ್ನಬಹುದು. ಆದರೆ ನಮ್ಮ ಊರಲ್ಲಿ ಆ ಮಾತಿಗೆ ಅರ್ಥವೇ ಬೇರೆ. "ಮೂರೇ ಜನ ಇರೋಕೆ ದೆವ್ವದಂಥ ಮನೆ ಕಟ್ಟವ್ನೆ" ಎಂದರೆ ಅಲ್ಲಿ ದೆವ್ವ ಇದೆ ಅಂತಲ್ಲ, ಗುಡಿಸಿ ಒರೆಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ ಅಂತ. ಭೂತಬಂಗಲೆ ಎನ್ನಬಹುದೇ? ಅದು ಮೆಹಮೂದ್ 1965ರಲ್ಲಿ ಮಾಡಿದ ಹಿಂದಿ ಸಿನಿಮಾದ ಹೆಸರು. ಅದರಲ್ಲಿ ಬಂಗಲೆಯೂ ನಮ್ಮದಲ್ಲ. ಪಾಳುಮನೆ ಎಂದರೆ ಬರೀ ಪಾಳುಮನೆ. ಕೊನೆಗೆ ಹೊಳೆದದ್ದು ಇಷ್ಟು. ಕನ್ನಡದ ದೆವ್ವ ಮನೆಯನ್ನು ಹಿಡಿಯುವುದೇ ಇಲ್ಲ, ಮನುಷ್ಯನನ್ನು ಹಿಡಿಯುತ್ತದೆ. ಅದರ ಸ್ವಂತ ವಿಳಾಸ ಹುಣಸೆಮರ, ಹಾಳುಬಾವಿ, ಕೆರೆಕೋಡಿ, ಮೂರು ದಾರಿ ಕೂಡುವ ಜಾಗ. ಬ್ರಹ್ಮರಾಕ್ಷಸನಾದರೆ ಅರಳಿಮರ. ಎಲ್ಲವೂ ಬಯಲು. ಸೂರಿನ ಕೆಳಗೆ, ಮಹಡಿ ಮೆಟ್ಟಿಲ ಮೇಲೆ ಬಿಳಿ ಬಟ್ಟೆ ಉಟ್ಟು ಇಳಿದು ಬರುವ ದೆವ್ವ ಬಂಗಲೆ ಕಟ್ಟಿದ ದೊರೆಗಳ ಸಾಮಾನಿನ ಜೊತೆ ಹಡಗಿನಲ್ಲಿ ಬಂದದ್ದೆಂದು ನನ್ನ ಗುಮಾನಿ.

ಹಾಗಾಗಿ ನಮಗೆ ಬೇಕಾದದ್ದು ಗುಣವಾಚಕವಲ್ಲ, ಕ್ರಿಯಾಪದ. ಅದು ನಮ್ಮಲ್ಲಿ ಧಾರಾಳವಾಗಿದೆ. ಗಾಳಿ ಸೋಕುತ್ತದೆ. ಮೋಹಿನಿ ಹಿಡಿಯುತ್ತಾಳೆ. ಶನಿ ಹೆಗಲೇರುತ್ತಾನೆ. ಅಮ್ಮ ಬರುತ್ತಾಳೆ, ದೇವರೂ ಮೈಮೇಲೆ ಬರುತ್ತದೆ. ಗದ್ದೆಬಯಲಲ್ಲಿ ಮಿಣುಕುವ ಕೊಳ್ಳಿದೆವ್ವ ಯಾರನ್ನೂ ಮುಟ್ಟುವುದಿಲ್ಲ, ದಾರಿ ತಪ್ಪಿಸುತ್ತದೆ ಅಷ್ಟೆ. ಕರಾವಳಿಯಲ್ಲಿ ಪಂಜುರ್ಲಿಗೋ ಕಲ್ಲುರ್ಟಿಗೋ ಕೋಲ ನಡೆಯುವಾಗ ಆವೇಶ ಬಂತು, ದರ್ಶನ ಆಯಿತು ಎನ್ನಬೇಕು. ಅಲ್ಲಿ ಭೂತ ಎಂದರೆ ನಮ್ಮ ಕಡೆಯ ದೆವ್ವವಲ್ಲ, ನ್ಯಾಯ ಹೇಳುವ ದೈವ. ಮಾತಿನಲ್ಲಿ ಹಗುರಾದರೆ ಅಲ್ಲೇ ಬುದ್ಧಿ ಹೇಳಿ ಕಳಿಸುತ್ತಾರೆ. ಇನ್ನು ಬರೀ ದೆವ್ವ ಇದೆಯಲ್ಲ, ನಮ್ಮ ಬಯಲುಸೀಮೆಯ ಬಡ ದೆವ್ವ, ಅದು ಮೆಟ್ಟುತ್ತದೆ.

ಮೆಟ್ಟು. ಎಂಥ ಗಟ್ಟಿ ಮಾತು ನೋಡಿ. ಹೆಸರಾದರೆ ಕಾಲಿಗೆ ಹಾಕುವ ಚಪ್ಪಲಿ, ಕ್ರಿಯೆಯಾದರೆ ತುಳಿಯುವುದು. ಮೆಟ್ಟನ್ನು ಮೆಟ್ಟಿಕೊಂಡು ಹೊರಟರೆ ನೆಲ ಮೆಟ್ಟಬಹುದು, ಹೊಸ್ತಿಲು ಮೆಟ್ಟಬಾರದು. ಕೃಷ್ಣ ಕಾಳಿಂಗನ ಹೆಡೆ ಮೆಟ್ಟಿದ. ಮಲೆನಾಡು, ಕರಾವಳಿಯ ಅಡುಗೆಮನೆಯಲ್ಲಿ ಹಲಸಿನಕಾಯಿ ಹೆಚ್ಚಲು ಮೆಟ್ಟುಗತ್ತಿ. ಪತ್ರಿಕೆಯವರಿಗಂತೂ ಪಾಸಾದವರೆಲ್ಲ 'ಬಡತನವನ್ನು ಮೆಟ್ಟಿ ನಿಂತ' ಮಕ್ಕಳೇ. ಬಡತನ ಅವರನ್ನು ಹದಿನೈದು ವರ್ಷ ಮೆಟ್ಟಿತ್ತಲ್ಲ, ಅದಕ್ಕೆ ಶೀರ್ಷಿಕೆ ಇಲ್ಲ.

ದೆವ್ವ ಮೆಟ್ಟುವುದು ಏಕೆ, ಹಿಡಿದರೆ ಸಾಲದೆ? ಈ ಪ್ರಶ್ನೆಗೆ ನನ್ನದೊಂದು ಸಿದ್ಧಾಂತವಿದೆ. ಯಾವ ವಿದ್ವಾಂಸರೂ ಇದನ್ನು ಒಪ್ಪಿಲ್ಲ, ಯಾರನ್ನೂ ನಾನು ಕೇಳಿಯೂ ಇಲ್ಲ. ದೆವ್ವದ ಪಾದ ಹಿಂದುಮುಂದು ಎಂದು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಅದರ ಕಾಲು ನೆಲಕ್ಕೆ ತಾಗುವುದಿಲ್ಲ ಎಂದೂ ಕೇಳಿದ್ದೇವೆ. ಎರಡನ್ನೂ ಸೇರಿಸಿ ನೋಡಿ. ನೆಲ ಮೆಟ್ಟುವ ಭಾಗ್ಯ ಸತ್ತ ದಿನವೇ ಹೋಯಿತು. ಕಾಲಿದೆ, ಊರಲು ಜಾಗವಿಲ್ಲ. ಊರಿದರೂ ಬೆರಳು ಆ ಕಡೆ, ಹಿಮ್ಮಡಿ ಈ ಕಡೆ. ಇಂಥ ಪ್ರಾಣಿಗೆ ಊರಲು ಸಿಗುವ ಒಂದೇ ನೆಲ ಬದುಕಿರುವ ಮೈ. ಮೆಟ್ಟುವುದು ಅದರ ದ್ವೇಷವಲ್ಲ, ನಿಲ್ಲುವುದಕ್ಕೆ ಒಂದು ಗೇಣು ಜಾಗದ ಆಸೆ. ಡಾಕ್ಟರಾಗಿರುವ ಗೆಳೆಯನೊಬ್ಬನಿಗೆ ಇದನ್ನು ಹೇಳಿದೆ. ನಿದ್ದೆಯಲ್ಲಿ ಎಚ್ಚರಾಗಿ ಕೈಕಾಲು ಆಡದೆ, ಎದೆಯ ಮೇಲೆ ಯಾರೋ ನಿಂತ ಹಾಗೆ ಆಗುತ್ತದೆ, ಸ್ಲೀಪ್ ಪ್ಯಾರಾಲಿಸಿಸ್ ಅಂತ, ಮೆಟ್ಟುವುದು ಅಲ್ಲಿಂದ ಬಂದಿರಬೇಕು ಎಂದ. ಇರಬಹುದು. ಆದರೆ ಅವನ ದೆವ್ವಕ್ಕೆ ಕಷ್ಟಸುಖವೇ ಇಲ್ಲ.

ಮೆಟ್ಟಿದ್ದಕ್ಕೆ ಮದ್ದು ಮೆಟ್ಟೇ ಎಂಬುದು ನನ್ನ ಸಿದ್ಧಾಂತದ ಎರಡನೇ ಅಧ್ಯಾಯ. ಇದನ್ನು ನನಗೆ ಕಲಿಸಿದ್ದು ನಮ್ಮಜ್ಜಿ. ನನಗೆ ಏಳೋ ಎಂಟೋ. ಮಟಮಟ ಮಧ್ಯಾಹ್ನ ಕೆರೆಕೋಡಿಯ ಹುಣಸೆಮರಕ್ಕೆ ಕಲ್ಲು ಹೊಡೆದು ಬಂದವನಿಗೆ ಸಂಜೆಗೆ ಕೆಂಡದಂಥ ಜ್ವರ. (ಮಧ್ಯಾಹ್ನ ಎಂದದ್ದನ್ನು ಗಮನಿಸಿ. ನಮ್ಮ ದೆವ್ವಗಳು ನಡುಹಗಲೂ ದುಡಿಯುತ್ತಿದ್ದವು. ಸಿನಿಮಾದವರು ಸೇರಿಕೊಂಡು ಅವನ್ನು ಬರೀ ರಾತ್ರಿ ಪಾಳಿಗೆ ಹಾಕಿದರು.) "ಎಲ್ಲೋಗಿದ್ಯೋ ಮಗ?" ಎಂದಳು. ಹೇಳಿದೆ. ಇನ್ನೊಂದು ಮಾತಾಡಲಿಲ್ಲ. ಹಿತ್ತಲ ಬಾಗಿಲ ಮೂಲೆಯಿಂದ ತನ್ನ ಎಡಗಾಲಿನ ಮೆಟ್ಟು ತಂದಳು. ಟೈರಿನ ಅಟ್ಟೆ, ಮೇಲೆ ತೊಗಲಿನ ಪಟ್ಟಿ, ಹೆಬ್ಬೆರಳು ಕೂರುವಲ್ಲಿ ಕಪ್ಪಗೆ ಗುಳಿ ಬಿದ್ದಿತ್ತು. ಹೊಂಗೆಎಣ್ಣೆ ಸವರಿ ಸವರಿ ಅದಕ್ಕೊಂದು ವಾಸನೆ. ಇನ್ನೊಂದು ಕೈಯಲ್ಲಿ ಕಡ್ಡಿ ಪೊರಕೆ, ಉಪ್ಪು, ಮೂರು ಒಣಮೆಣಸಿನಕಾಯಿ. ತಲೆಯಿಂದ ಕಾಲಿನವರೆಗೆ ಮೂರು ಸಲ ನಿವಾಳಿಸಿ, ಉಪ್ಪು ಮೆಣಸಿನಕಾಯಿ ಒಲೆಗೆ ಹಾಕಿದಳು. ಚಟಚಟ ಎಂದಿತು, ಘಾಟು ಬರಲಿಲ್ಲ. ಬಾರದಿದ್ದರೆ ಇತ್ತು ಎಂದರ್ಥ. ಮೆಟ್ಟನ್ನು ನನ್ನ ತಲೆದಿಂಬಿನ ಅಡಿಗೆ ತುರುಕಿದಳು. ರಾತ್ರಿಯಿಡೀ ಆ ಹೊಂಗೆ ವಾಸನೆಯಲ್ಲಿ ಮಲಗಿದ್ದೆ. ಬೆಳಗ್ಗೆ ಜ್ವರ ಬಿಟ್ಟಿತ್ತು. ಪೇಟೆಯಿಂದ ತಂದ ಮಾತ್ರೆಯನ್ನೂ ಅಮ್ಮ ಬೆಲ್ಲದಲ್ಲಿಟ್ಟು ನುಂಗಿಸಿದ್ದಳು ಎಂಬ ವಿಷಯವನ್ನು ನಾನು ಸಾಮಾನ್ಯವಾಗಿ ಹೇಳುವುದಿಲ್ಲ.

ಅಜ್ಜಿಯದು ಹಳ್ಳಿಯ ಮೌಢ್ಯ ಎಂದು ಬಿಡುವ ಮುಂಚೆ ಭೀಮಾ ತೀರದ ಗಾಣಗಾಪುರಕ್ಕೆ ಹೋಗಿ ಬನ್ನಿ. ಕಲಬುರಗಿ ಜಿಲ್ಲೆಯ ಈ ದತ್ತಕ್ಷೇತ್ರಕ್ಕೆ ಮೆಟ್ಟಿಸಿಕೊಂಡವರನ್ನು ಎಲ್ಲೆಲ್ಲಿಂದಲೋ ಕರೆತರುತ್ತಾರೆ. ಆರತಿಯ ಗಂಟೆ ಮೊಳಗಿದ್ದೇ ಅವರು ಕೂಗಿ ಕಂಬ ಹತ್ತುವುದನ್ನು ಕಂಡವರು ಬಹಳ. ಅಲ್ಲಿ ಪೂಜೆ ಯಾವುದಕ್ಕೆ? ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗೆ. ಪಾದುಕೆ ಎಂದರೆ ಏನು ಸ್ವಾಮಿ, ಸಂಸ್ಕೃತ ಕಲಿತ ಮೆಟ್ಟು ತಾನೆ? ಬಿಳಿಗಿರಿರಂಗನ ಬೆಟ್ಟದಲ್ಲಿ ರಂಗಪ್ಪನಿಗೆ ಭಾರಿ ತೊಗಲಿನ ಚಪ್ಪಲಿ ಒಪ್ಪಿಸುತ್ತಾರೆ. ಸ್ವಾಮಿ ರಾತ್ರಿ ಕಾಡು ಸುತ್ತಿ ಸವೆಸುತ್ತಾನೆಂದು ನಂಬಿಕೆ. ಅದನ್ನು ತಲೆಗೆ ಮುಟ್ಟಿಸಿಕೊಂಡರೇ ಪುಣ್ಯ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿ ಮಾತ್ರ ನನ್ನ ವಾದಕ್ಕೆ ಒಗ್ಗುವುದಿಲ್ಲ. ಅಮಾವಾಸ್ಯೆಗೆ ಅಲ್ಲಿ ಜನವೋ ಜನ, ಆದರೆ ತುಂಗಭದ್ರೆಯಲ್ಲಿ ಮುಳುಗಿ ಎದ್ದು ಅಜ್ಜಯ್ಯನ ಗದ್ದುಗೆ ಸುತ್ತುತ್ತಾರೆ, ಪಾದುಕೆಯ ಮಾತಿಲ್ಲ. ಇರಲಿ, ಒಂದು ಊರು ಕೈಕೊಟ್ಟರೆ ಸಿದ್ಧಾಂತ ಬೀಳುವುದಿಲ್ಲ.

ಮೆಟ್ಟಿನ ಮದ್ದು ಎಲ್ಲ ಕಡೆಯೂ ತಲೆದಿಂಬಿನ ಅಡಿಯಲ್ಲೇ ನಿಲ್ಲಲಿಲ್ಲ ಎಂಬುದೂ ನಿಜ. ದೆವ್ವ ಬಿಡಿಸುವ ನೆವದಲ್ಲಿ ಹೆಣ್ಣುಮಕ್ಕಳನ್ನು ಬಾರಿಸಿದವರಿಗೆ ಲೆಕ್ಕವಿಲ್ಲ. ಮಹಾರಾಷ್ಟ್ರ 2013ರಲ್ಲಿ ತಂದ ಕಾಯ್ದೆಯ ಪಟ್ಟಿಯಲ್ಲಿ ಚಪ್ಪಲಿ ನೆನೆಸಿದ ನೀರು ಕುಡಿಸುವುದೂ ಅಪರಾಧವೆಂದು ಬಿಡಿಸಿ ಬರೆದಿದ್ದಾರೆ. ನಮ್ಮಲ್ಲೂ 2017ರ ವಾಮಾಚಾರ ತಡೆ ಕಾಯ್ದೆ ಇಂಥ ಹಿಂಸೆಗೆ ಶಿಕ್ಷೆ ಇಟ್ಟಿದೆ. ಒಳ್ಳೆಯದೇ ಆಯಿತು. ಮೆಟ್ಟಿದ್ದು ದೆವ್ವ, ಏಟು ತಿಂದದ್ದು ಸೊಸೆ.

ಈಗ ನನ್ನ ವಾದಕ್ಕೆ ಅಡ್ಡ ಬರುವ ಗಾದೆ. "ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ." ದೆವ್ವಕ್ಕೆ ಮನೆಯ ಗೊಡವೆ ಇಲ್ಲ ಎನ್ನುತ್ತೀರಿ, ಇದು ಮನೆಯೊಳಗೇ ಇದೆಯಲ್ಲ ಎಂದು ನೀವು ಕೇಳಬಹುದು. ಗಾದೆಯನ್ನು ಇನ್ನೊಮ್ಮೆ ಓದಿ. ಅದು ಮನೆಯಲ್ಲಿ ವಾಸಕ್ಕಿಲ್ಲ, ಬರುತ್ತಿದೆ. ಯಾವ ದಾರಿಯಿಂದ? ಬಾಗಿಲಿಂದಲ್ಲ. ಬಾಗಿಲಲ್ಲಿ ಹೊಸ್ತಿಲಿದೆ, ಅದನ್ನು ದಾಟಲು ನೆಲಕ್ಕೆ ತಾಗುವ ಕಾಲು ಬೇಕು. ಅದಕ್ಕೇ ಗವಾಕ್ಷಿ. ಹಳೆಯ ಮನೆಗಳ ಮಾಡಿನಲ್ಲಿ ಬೆಳಕಿಗೆಂದು ಬಿಟ್ಟ ಕಿಂಡಿ. ಅಡುಗೆಮನೆಯ ಹೊಗೆ ಹೊರಗೆ ಹೋಗುವ ದಾರಿ, ಬೆಕ್ಕು ಒಳಗೆ ಬರುವ ದಾರಿ. ಮಧ್ಯಾಹ್ನ ಅದರಿಂದ ಬಿಸಿಲಿನ ಕೋಲೊಂದು ನೆಲಕ್ಕಿಳಿದು ನಿಲ್ಲುತ್ತಿತ್ತು, ಅದರೊಳಗೆ ಧೂಳು ತೇಲುತ್ತಿತ್ತು. ಪಿಶಾಚಿ ಇಳಿಯುವುದಾದರೆ ಅಲ್ಲಿಂದಲೇ ಎಂದು ನನಗೆ ಚಿಕ್ಕಂದಿನಲ್ಲೇ ಖಾತ್ರಿಯಾಗಿತ್ತು. ಇನ್ನು ಆ 'ಹೋದೆಯಾ' ನೋಡಿ. ಯಾರು ಕೇಳಿದರು ಇದನ್ನು? ಮಂತ್ರವಾದಿ ಹೀಗೆ ಕೇಳುವುದಿಲ್ಲ, ತೊಲಗು ಎನ್ನುತ್ತಾನೆ. ಇದು ಮನೆಯಾಕೆಯ ದನಿ. ಮೂರು ಹೊತ್ತೂ ಸಾಲ ಕೇಳಲು ಬರುವ ಪಕ್ಕದ ಮನೆಯವಳನ್ನು ಸಾಗಹಾಕಿ, ಬಾಗಿಲು ಹಾಕಿದ ಮೇಲೆ ಮೆಲ್ಲಗೆ "ಹೋದ್ಯಾ?" ಎಂದು ತನಗೆ ತಾನೇ ಹೇಳಿಕೊಂಡದ್ದು. ಉತ್ತರ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಬಂತು, ತಲೆಯ ಮೇಲಿಂದ. ಪಿಶಾಚಿಯ ಉತ್ತರದಲ್ಲಿ ಅಬ್ಬರವಿಲ್ಲ, ಆರ್ಭಟವಿಲ್ಲ. ಬರೀ 'ಬಂದೆ.' ಕೂಗಿದ್ದಕ್ಕೆ ಓಗೊಟ್ಟ ಹಾಗೆ. ಈ ಗಾದೆ ಕಟ್ಟಿದವರಿಗೆ ದೆವ್ವದ ಭಯಕ್ಕಿಂತ ನೆಂಟರ ಕಾಟ ಹೆಚ್ಚಿತ್ತು ಎಂದು ಬೇಕಾದರೆ ಪ್ರಮಾಣ ಮಾಡುತ್ತೇನೆ. ಈಗಿನ ಮನೆಗಳಿಗೆ ಗವಾಕ್ಷಿಯೇ ಇಲ್ಲ, ಎಕ್ಸಾಸ್ಟ್ ಫ್ಯಾನಿದೆ. ಗಾದೆ ಹೇಳಿದರೆ ಮಕ್ಕಳು ಪಿಶಾಚಿ ಯಾರೆಂದು ಕೇಳುವುದಿಲ್ಲ, ಗವಾಕ್ಷಿ ಯಾರೆಂದು ಕೇಳುತ್ತಾರೆ.

'ನಾಳೆ ಬಾ' ಕೂಡ ನನ್ನ ಕಡೆಯೇ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಹಳ್ಳಿಗಳವರೆಗೆ ಬಾಗಿಲ ಮೇಲೆಲ್ಲ ಸುಣ್ಣದಲ್ಲೋ ಇದ್ದಿಲಲ್ಲೋ ಬರೆದಿದ್ದ ಆ ಎರಡು ಪದ. ರಾತ್ರಿ ಗುರುತಿನವರ ದನಿಯಲ್ಲಿ ಕೂಗುವ ದೆವ್ವ ಅದನ್ನು ಓದಿ, ವಿಧೇಯವಾಗಿ ಹಿಂದಿರುಗಿ, ಮರುದಿನ ಬಂದು ಮತ್ತೆ ಓದುತ್ತಿತ್ತು. ಹೊಸ್ತಿಲ ಆಚೆಗೇ ನಿಂತಿತು, ನೋಡಿದಿರಾ? ಜೊತೆಗೆ ಅದಕ್ಕೆ ಕನ್ನಡ ಓದಲು ಬರುತ್ತಿತ್ತು; ಇವತ್ತು ಎಷ್ಟು ಅಪಾರ್ಟ್‌ಮೆಂಟ್‌ಗಳಲ್ಲಿ ಈ ಮಾತು ಹೇಳಬಹುದು? 2018ರಲ್ಲಿ 'ಸ್ತ್ರೀ' ಎಂಬ ಹಿಂದಿ ಸಿನಿಮಾ ಇದನ್ನೇ ಚಂದೇರಿಗೆ ಒಯ್ದು 'ಕಲ್ ಆನಾ' ಮಾಡಿತು. ಈಗ ನಮ್ಮ ಹುಡುಗರೇ, ಅದು ಹಿಂದಿಯಿಂದ ಬಂದದ್ದು ಅಂಕಲ್ ಎಂದು ನನಗೆ ಹೇಳಿಕೊಡುತ್ತಾರೆ. 'ಆಪ್ತಮಿತ್ರ'ದಲ್ಲಿ ಅಷ್ಟು ದೊಡ್ಡ ಅರಮನೆ ಇದ್ದರೂ ನಾಗವಲ್ಲಿ ಮೆಟ್ಟಿದ್ದು ಗಂಗಾಳನ್ನು, ಅರಮನೆಯನ್ನಲ್ಲ. 2004ರವರೆಗೂ ವ್ಯಾಕರಣ ಸರಿಯಾಗಿಯೇ ಇತ್ತು.

ವ್ಯಾಕರಣ ಎಂದಾಗ ನೆನಪಾಯಿತು. 'ಹಾವು ಮೆಟ್ಟಿದವನು' ಎಂದರೆ ಹಾವನ್ನು ತುಳಿದವನು. 'ದೆವ್ವ ಮೆಟ್ಟಿದವನು' ಎಂದರೆ ದೆವ್ವದಿಂದ ತುಳಿಸಿಕೊಂಡವನು. ಎರಡಕ್ಕೂ ಒಂದೇ ಅಚ್ಚು, ಒಂದು ಅಕ್ಷರದ ವ್ಯತ್ಯಾಸವಿಲ್ಲ. ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಕನ್ನಡ ಹೇಳುವುದಿಲ್ಲ. ಹಾವೆಂದರೇನು, ದೆವ್ವವೆಂದರೇನು ಎಂದು ನಿಮಗೇ ಗೊತ್ತಿರಬೇಕು. ದರ್ಶಿನಿಯ ಹುಡುಗರಿಗೆ ಬಂಗಲೆಯ ಬಾಡಿಗೆ ಗೊತ್ತು.

ನಮ್ಮ ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ದೆವ್ವದಂಥ ಮನೆ, ಹಳೆಯ ಅರ್ಥದಲ್ಲಿ. ಮೊದಲ ಮಹಡಿಯ ಸಾರುವೆಗೆ ಬೂದುಗುಂಬಳಕಾಯಿಯ ಜೊತೆ ಸವೆದ ಹವಾಯಿ ಚಪ್ಪಲಿಯೊಂದನ್ನು ಕಟ್ಟಿದ್ದಾರೆ, ಎಡಗಾಲಿನದು. ನನಗೆ ಅಜ್ಜಿಯೇ ಕಂಡ ಹಾಗಾಯಿತು. ಎಡಗಾಲಿನದೇ ಏಕೆ, ಒಂದೇ ಏಕೆ, ಇದರ ಹಿಂದೆ ಏನೋ ಇರಬೇಕೆಂದು ನಿನ್ನೆ ಮೇಸ್ತ್ರಿಯನ್ನು ನಿಲ್ಲಿಸಿ ಕೇಳಿದೆ.

"ಎಡ ಬಲ ಏನಿಲ್ಲ ಸಾರ್," ಎಂದ ಅವನು ಬೀಡಿ ಆರಿಸುತ್ತ. "ಜೊತೆ ಕಟ್ಟಿದ್ರೆ ಯಾರಾದ್ರೂ ಮೆಟ್ಕೊಂಡು ಹೊಂಟೋಯ್ತಾರೆ."